ಪೂರ್ವಗ್ರಹ (ನ್ಯಾಯನಿರ್ಣಯ ಮತ್ತು ಸಂಶೋಧನೆಗಳಲ್ಲಿ)

ಸಾಕ್ಷ್ಯವನ್ನು ಪರಿಶೀಲಿಸುವುದಕ್ಕೆ ಮುನ್ನವೇ ಮನಸ್ಸು ಒಂದು ತೀರ್ಮಾನದತ್ತ ವಾಲಿ, ಅನಂತರ ಅದಕ್ಕೆ ಅನುಕೂಲವಾದುದನ್ನೇ ಆಯ್ದುಕೊಂಡು ಪ್ರತಿಕೂಲವಾದುದನ್ನು ಉಪೇಕ್ಷಿಸುವ ಪ್ರವೃತ್ತಿ.

ಸಂಶೋಧನೆಯಲ್ಲಿ ಇದರ ಪರಿಹಾರಕ್ಕೆ ರಾಯಚೂರು ಜಿಲ್ಲೆಯ ಮುದಗಲ್ಲು ಸೀಮೆಗೆ ಸಮೀಪದ ಮಸ್ಕಿಯ ಶಾಸನವು ನಿದರ್ಶನ. 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ಪನು, ಆ ಲಿಪಿಯ ಶಾಸನಗಳಲ್ಲಿ ಬರುವ ‘ದೇವಾನಾಂಪಿಯ’ ಎಂಬ ಬಿರುದು ಸಿಂಹಳದ ಅರಸನಾದ ತಿಸ್ಸನಿಗೂ ಇದ್ದುದರಿಂದ, ಅವುಗಳ ಕರ್ತೃ ಅವನೇ ಎಂದು ಮೊದಲು ಊಹಿಸಿದನು; ಪಾಲಿ ಗ್ರಂಥಾಧಾರದಿಂದ ಅವು ಮೌರ್ಯ ಅಶೋಕನವೆಂದು ಜಾರ್ಜ್ ಟರ್ನರನು ತೋರಿಸಲಾಗಿ ಆ ಮತವನ್ನು ಕೈಬಿಟ್ಟನು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ ‘ಅಸೋಕ’ ಎಂಬ ಹೆಸರೇ ಕೆತ್ತಿದ್ದಿತಾಗಿ, ಗ್ರಂಥದಿಂದ ಹುಟ್ಟಿದ ನಿರ್ಣಯಕ್ಕೆ ಶಿಲೆಯ ಸ್ವತಂತ್ರ ಸಾಕ್ಷ್ಯ ದೊರಕಿತು.

ನ್ಯಾಯದಲ್ಲಿ ಮೂಲಸೂತ್ರವು, ತನ್ನ ವ್ಯಾಜ್ಯಕ್ಕೆ ತಾನೇ ತೀರ್ಪುಗಾರನಾಗಬಾರದೆಂಬುದು. 1969ರ ಕ್ರೈಪಾಕ್ ಪ್ರಕರಣದಲ್ಲಿ, ಆಯ್ಕೆಮಂಡಳಿಯ ಸದಸ್ಯನೊಬ್ಬನು ಸ್ವತಃ ಅಭ್ಯರ್ಥಿಯೂ ಆಗಿದ್ದು, ತನ್ನ ಹೆಸರು ಬಂದಾಗ ಹೊರಗಿದ್ದರೂ ಪ್ರತಿಸ್ಪರ್ಧಿಗಳ ವಿಚಾರಣೆಯಲ್ಲಿ ಪಾಲ್ಗೊಂಡಿದ್ದುದರಿಂದ, ಸರ್ವೋಚ್ಚ ನ್ಯಾಯಾಲಯವು ಆ ಆಯ್ಕೆಯನ್ನು ರದ್ದುಪಡಿಸಿತು. ಪಕ್ಷಪಾತ ನಡೆದುದು ಸಿದ್ಧವಾಗಬೇಕಿಲ್ಲ, ಅದರ ಸಮಂಜಸ ಸಂಭವವೇ ಸಾಕೆಂದಿತು.

ಪರಿಹಾರಗಳು: ನ್ಯಾಯಾಧೀಶರು ಹಿತಾಸಕ್ತಿಯುಳ್ಳ ಪ್ರಕರಣದಿಂದ ಹಿಂದೆ ಸರಿಯುವುದು, ಕಾರಣಸಹಿತ ಲಿಖಿತ ತೀರ್ಪು ಮತ್ತು ಮೇಲ್ಮನವಿಯ ಅವಕಾಶ; ಸಂಶೋಧನೆಯಲ್ಲಿ, ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ರೋಗಿಗೂ ಪರೀಕ್ಷಕನಿಗೂ ತಿಳಿಸದ ಪ್ರಯೋಗ, ವಿಶ್ಲೇಷಣೆಯ ವಿಧಾನವನ್ನು ಮೊದಲೇ ನೋಂದಾಯಿಸುವುದು ಹಾಗೂ ಇತರರಿಂದ ಪುನಃಪರೀಕ್ಷೆ.