ಮನಸ್ಸು ಕಲಿಯುವ ಬಗೆ: ಇಬ್ನ್ ಖಲ್ದೂನ್ ಕಂಡ ಸತ್ಯ

ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಹಿಡಿದು ಬಾಯಿಪಾಠ ಮಾಡಿದ ಉತ್ತರ ಒಂದು ತಿಂಗಳ ನಂತರ ನಿಮಗೆ ನೆನಪಿರುತ್ತದೆಯೇ? ಏಕೆ ಉಳಿಯುವುದಿಲ್ಲ ಎಂದು ಆರುನೂರು ವರ್ಷಗಳಿಗೂ ಹಿಂದೆ ಯೋಚಿಸಿದ ವಿದ್ವಾಂಸರೊಬ್ಬರಿದ್ದರು. ಅವರೇ ಇಬ್ನ್ ಖಲ್ದೂನ್.

1332ರಲ್ಲಿ ಟ್ಯೂನಿಸ್ ನಗರದಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ಕುರ್‌ಆನ್ ಕಂಠಪಾಠ ಮಾಡಿದ್ದರು. ಹದಿಹರೆಯದಲ್ಲಿ ಪ್ಲೇಗ್ ಮಹಾಮಾರಿ ಅವರ ತಂದೆತಾಯಿಯರನ್ನೂ ಹಲವು ಗುರುಗಳನ್ನೂ ಬಲಿ ತೆಗೆದುಕೊಂಡಿತು. ಮುಂದೆ ಆಸ್ಥಾನದ ಹುದ್ದೆ, ಸೆರೆವಾಸ ಎರಡನ್ನೂ ಕಂಡರು. 1375ರಲ್ಲಿ ರಾಜಕೀಯದಿಂದ ದೂರ ಸರಿದು, ಇಂದಿನ ಅಲ್ಜೀರಿಯದಲ್ಲಿರುವ ಒಂದು ಕೋಟೆಯಲ್ಲಿ ನೆಲೆಸಿದರು. 1377ರಲ್ಲಿ ಐದೇ ತಿಂಗಳಲ್ಲಿ 'ಮುಖದ್ದಿಮ' ಗ್ರಂಥದ ಮೊದಲ ಕರಡು ಅಲ್ಲಿ ಸಿದ್ಧವಾಯಿತು.

ಈ ಗ್ರಂಥದ ಆರನೆಯ ಅಧ್ಯಾಯ ವಿದ್ಯೆ ಮತ್ತು ಬೋಧನೆಯನ್ನು ಕುರಿತದ್ದು. ಒಂದು ವಿಷಯವನ್ನು ಮೂರು ಸುತ್ತಿನಲ್ಲಿ ಕಲಿಸಬೇಕೆಂದು ಅವರು ಹೇಳುತ್ತಾರೆ. ಮೊದಲ ಸುತ್ತಿನಲ್ಲಿ ಮಗುವಿನ ಶಕ್ತಿಯನ್ನು ನೋಡಿಕೊಂಡು ಮುಖ್ಯ ಅಂಶಗಳು ಮಾತ್ರ. ಎರಡನೆಯದರಲ್ಲಿ ವಿವರಣೆ ಮತ್ತು ಭಿನ್ನಾಭಿಪ್ರಾಯಗಳು. ಮೂರನೆಯದರಲ್ಲಿ ಕಠಿಣವಾದುದೆಲ್ಲವೂ. ಮೊದಲ ದಿನವೇ ಎಲ್ಲವನ್ನೂ ಹೇರಿದರೆ ಮನಸ್ಸು ದಣಿದು, ವಿದ್ಯೆಯಿಂದಲೇ ದೂರವಾಗುತ್ತದೆ. ವಿದ್ಯೆಯನ್ನು ಕಿರುಹೊತ್ತಗೆಗಳಲ್ಲಿ ಅತಿಯಾಗಿ ಅಡಕಗೊಳಿಸುವುದೂ ಕಲಿಕೆಗೆ ಹಾನಿ ಎಂದು ಅವರು ಎಚ್ಚರಿಸಿದ್ದರು. ನಮ್ಮ ಗೈಡ್‌ಗಳನ್ನು ನೋಡಿದ್ದರೆ ಏನೆನ್ನುತ್ತಿದ್ದರೋ!

ಉರ್ದುವಿನಲ್ಲಿ ನಾವು ಪ್ರಾವೀಣ್ಯಕ್ಕೆ 'ಮಲಕಾ' ಎನ್ನುತ್ತೇವಲ್ಲವೇ? ಇಬ್ನ್ ಖಲ್ದೂನ್ ಬಳಸಿದ ಅರಬಿ ಪದವೂ ಅದೇ. ಮನನ ಮಾಡಿದ ಮಾತ್ರಕ್ಕೆ ಮಲಕಾ ಬರುವುದಿಲ್ಲ. ಚರ್ಚೆ, ಪ್ರಶ್ನೆಗಳಿಂದ ಅದು ಸುಲಭವಾಗಿ ಬರುತ್ತದೆ ಎಂದರು. ಅವರ ಕಾಲದ ಮೊರಾಕೊದಲ್ಲಿ ಮದ್ರಸ ಶಿಕ್ಷಣಕ್ಕೆ ಹದಿನಾರು ವರ್ಷ, ಟ್ಯೂನಿಸ್‌ನಲ್ಲಿ ಐದು ವರ್ಷ. ಮೊರಾಕೊದ ವಿದ್ಯಾರ್ಥಿಗಳಿಗೆ ಕಂಠಪಾಠ ಬೇಕಾದಷ್ಟಿತ್ತು. ಆದರೆ ತರಗತಿಯಲ್ಲಿ ಬಾಯಿ ಬಿಡದ ಕಾರಣ ಪ್ರಾವೀಣ್ಯ ಬರಲಿಲ್ಲ ಎಂಬುದು ಅವರ ಅಭಿಪ್ರಾಯ.

ಶಿಕ್ಷೆಯ ಕುರಿತು ಅವರ ಮಾತು ಇನ್ನೂ ಗಂಭೀರ. ಅತಿಯಾದ ಕಠಿಣತೆ ಮಗುವಿನ ಉತ್ಸಾಹವನ್ನು ಕೊಂದು, ಸುಳ್ಳನ್ನೂ ಕಪಟವನ್ನೂ ಕಲಿಸುತ್ತದೆ ಎಂದರು. ಇದನ್ನು ಓದಿದಾಗ ನನಗೆ ನನ್ನ ತರಗತಿಯೇ ನೆನಪಾಯಿತು. ವೃತ್ತಿಯ ಆರಂಭದಲ್ಲಿ ನಾನು ತಪ್ಪು ಉತ್ತರಕ್ಕೆ ಗದರುತ್ತಿದ್ದೆ. ತರಗತಿ ಮೌನವಾಯಿತು, ಅದನ್ನೇ ಶಿಸ್ತೆಂದು ಹೆಮ್ಮೆಪಟ್ಟೆ. ಒಮ್ಮೆ ಹುಡುಗನೊಬ್ಬ ಪರೀಕ್ಷೆಯಲ್ಲಿ ಪಾಠವನ್ನು ಅಕ್ಷರಶಃ ಬರೆದಿದ್ದ. ಅರ್ಥ ಕೇಳಿದೆ, ತಲೆತಗ್ಗಿಸಿದ. "ಗೊತ್ತಿಲ್ಲ ಅಂದ್ರೆ ಬೈತೀರಿ ಅಂತ ಕೇಳಲಿಲ್ಲ ಸರ್" ಎಂದ. ಅಂದು ನಾಚಿದವನು ನಾನು.

ಹೊಸ ವಿಚಾರ ಹುಟ್ಟುವುದೂ ಪ್ರಶ್ನೆಯಿಂದಲೇ. ಹಜ್ರತ್ ಮೂಸಾರ ಸೈನ್ಯದಲ್ಲಿ ಆರು ಲಕ್ಷ ಮಂದಿ ಇದ್ದರೆಂದು ಹಿಂದಿನ ಇತಿಹಾಸಕಾರರು ಬರೆದಿದ್ದರು. ಇಬ್ನ್ ಖಲ್ದೂನ್ ಅದನ್ನು ಹಾಗೆಯೇ ಒಪ್ಪಲಿಲ್ಲ. ಅಷ್ಟು ದೊಡ್ಡ ಸೈನ್ಯದ ಒಂದು ತುದಿಗೆ ಇನ್ನೊಂದು ತುದಿಯ ಸುದ್ದಿ ತಿಳಿಯುವುದು ಹೇಗೆ? ಕೆಲವೇ ತಲೆಮಾರುಗಳಲ್ಲಿ ಒಂದು ವಂಶ ಅಷ್ಟು ಬೆಳೆಯಬಲ್ಲದೇ? ಇಂತಹ ವರದಿಗಳನ್ನು ತೂಗಿ ನೋಡಲು ಮಾನವ ಸಮಾಜದ ಸ್ವಭಾವವನ್ನೇ ಅರಿಯಬೇಕೆಂದು ಹೊರಟ ಅವರು ಹೊಸದೊಂದು ಶಾಸ್ತ್ರಕ್ಕೆ ಅಡಿಪಾಯ ಹಾಕಿದರು.

ಬಂಧುಗಳೇ, ಕಂಠಪಾಠ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೀಜ, ಪ್ರಶ್ನೆ ಅದಕ್ಕೆ ನೀರು. ಪೋಷಕರೇ, ಇಂದು ಸಂಜೆ ಮಗುವಿಗೆ "ಎಷ್ಟು ಅಂಕ ಬಂತು?" ಎನ್ನುವ ಮೊದಲು "ಇವತ್ತು ಏನು ಪ್ರಶ್ನೆ ಕೇಳಿದೆ?" ಎಂದು ಕೇಳಿ ನೋಡಿ.