ಮೂರನೇ ಒಂದು ಪಾಲು: ವಾರೀಸು, ವಕ್ಫ್ ಮತ್ತು ತೆರಿಗೆ ಕಾನೂನು ನಡೆದು ಬಂದ ಹಾದಿ

ಮರಣ ಹೊಂದಿದ ವ್ಯಕ್ತಿಯ ಸೊತ್ತು ಯಾರಿಗೆ ಎಷ್ಟು ಸಲ್ಲಬೇಕೆಂಬುದನ್ನು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 11, 12 ಮತ್ತು 176ನೆಯ ವಚನಗಳಲ್ಲಿ ನಿಗದಿಪಡಿಸಿದೆ. ಅಂತ್ಯಸಂಸ್ಕಾರದ ವೆಚ್ಚ, ಆ ಬಳಿಕ ಸಾಲ (ಪತ್ನಿಗೆ ಕೊಡದೆ ಉಳಿದ ಮಹ್ರ್ ಕೂಡ ಸಾಲವೇ), ಆ ಬಳಿಕ ಮೂರನೇ ಒಂದಂಶವನ್ನು ಮೀರದ ವಸಿಯ್ಯತ್, ಉಳಿದದ್ದು ವಾರೀಸುದಾರರಿಗೆ. ಈ ಕ್ರಮವನ್ನು ಅದಲುಬದಲು ಮಾಡುವ ಅಧಿಕಾರ ಸೊತ್ತಿನ ಒಡೆಯನಿಗಿಲ್ಲ. ಆದುದರಿಂದ ಇಂದು ಲೆಕ್ಕಪರಿಶೋಧಕರು ಹೇಳುವ ‘ಎಸ್ಟೇಟ್ ಪ್ಲಾನಿಂಗ್’ ಎಂಬುದು ಮುಸ್ಲಿಮನ ಪಾಲಿಗೆ ಬಹಳ ಸಣ್ಣ ಅಂಗಳ. ಅದಕ್ಕಿರುವುದು ಮೂರೇ ಬಾಗಿಲು: ಜೀವಿತಕಾಲದಲ್ಲಿ ಕೊಡುವ ಹಿಬಾ, ಮೂರನೇ ಒಂದರೊಳಗಿನ ವಸಿಯ್ಯತ್ ಮತ್ತು ವಕ್ಫ್. ಕಳೆದ 130 ವರ್ಷಗಳಲ್ಲಿ ಸರಕಾರದ ಕಾಯ್ದೆಗಳು ಮತ್ತು ನ್ಯಾಯಾಲಯಗಳ ತೀರ್ಪುಗಳು ಈ ಬಾಗಿಲುಗಳನ್ನು ಒಮ್ಮೆ ಮುಚ್ಚಿವೆ, ಇನ್ನೊಮ್ಮೆ ತೆರೆದಿವೆ. ನಮ್ಮ ಕರಾವಳಿಯ ಮನೆಗಳಲ್ಲಿ ಈ ಇತಿಹಾಸದ ಅರಿವು ಕಡಿಮೆ. ಅದರ ಬೆಲೆಯನ್ನು ತೆತ್ತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು ಮತ್ತು ತಂದೆಯನ್ನು ಕಳೆದುಕೊಂಡ ಮೊಮ್ಮಕ್ಕಳು.

ದೊಡ್ಡ ಪೆಟ್ಟು ಬಿದ್ದುದು ವಕ್ಫ್‌ನ ಬಾಗಿಲಿಗೆ. ತನ್ನ ಸಂತತಿಯ ಜೀವನಾಧಾರಕ್ಕಾಗಿ ಸೊತ್ತನ್ನು ವಕ್ಫ್ ಮಾಡಿ, ವಂಶ ಕೊನೆಗೊಂಡಾಗ ಅದು ಬಡವರಿಗೆ ಸಲ್ಲಲಿ ಎಂದು ಗೊತ್ತುಪಡಿಸುವುದು ವಕ್ಫ್ ಅಲಲ್ ಔಲಾದ್. ಸ್ವಂತ ಕುಟುಂಬಕ್ಕೆ ಖರ್ಚು ಮಾಡುವುದೂ ಪುಣ್ಯಕಾರ್ಯವೆಂಬುದು ಇಸ್ಲಾಮೀ ಕರ್ಮಶಾಸ್ತ್ರಜ್ಞರ ಗ್ರಹಿಕೆ. ಆದರೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಅದು ಅರ್ಥವಾಗಲಿಲ್ಲ. ಬಂಗಾಳದ ಕಡೆಯಿಂದ ಬಂದ ಅಬುಲ್ ಫತಾ ಪ್ರಕರಣದಲ್ಲಿ 1894ರಲ್ಲಿ ಅದು, ಬಡವರಿಗೆ ಇಟ್ಟಿರುವ ಪಾಲು ಬಹು ದೂರದ್ದು, ಹೆಸರಿಗೆ ಮಾತ್ರದ್ದು. ಆದ್ದರಿಂದ ಇಂತಹ ವಕ್ಫ್ ಊರ್ಜಿತವಲ್ಲವೆಂದು ತೀರ್ಪಿತ್ತಿತು. ಕುಟುಂಬದೊಳಗೇ ಶಾಶ್ವತವಾಗಿ ಸೊತ್ತನ್ನು ಕಟ್ಟಿಹಾಕುವುದನ್ನು ಸಹಿಸದ ಇಂಗ್ಲಿಷ್ ಕಾನೂನಿನ ಕನ್ನಡಕದಿಂದಲೇ ಅವರು ಶರೀಅತ್ತನ್ನು ಓದಿದ್ದರು. ಅದಕ್ಕೆ ಮುನ್ನವೇ ಕಲ್ಕತ್ತಾ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಅಮೀರ್ ಅಲಿಯವರು ಬಿಕಾನಿ ಮಿಯಾ ಪ್ರಕರಣದಲ್ಲಿ ಭಿನ್ನಮತದ ತೀರ್ಪು ಬರೆದು, ಇಸ್ಲಾಮೀ ಆಧಾರಗಳನ್ನು ವಿಸ್ತಾರವಾಗಿ ಮುಂದಿಟ್ಟಿದ್ದರು. ಫಲ ಸಿಗಲಿಲ್ಲ.

ಒಂದೇ ತೀರ್ಪಿನಿಂದ ದೇಶದುದ್ದಕ್ಕೂ ಅಸಂಖ್ಯ ಕುಟುಂಬಗಳ ಪತ್ರಗಳು ಕಾಗದದ ಚೂರುಗಳಾದವು. ಅಲ್ಲಾಮಾ ಶಿಬ್ಲಿ ನುಅ್ಮಾನಿಯವರು ಉಲಮಾಗಳ ಅಭಿಪ್ರಾಯ ಮತ್ತು ಸಹಿಗಳನ್ನು ಸಂಗ್ರಹಿಸಿ ಚಳವಳಿ ನಡೆಸಿದರು. ಮುಹಮ್ಮದ್ ಅಲಿ ಜಿನ್ನಾರವರು 1911ರಲ್ಲಿ ಮಸೂದೆಯನ್ನು ಮಂಡಿಸಿದರು. 1913ರ ಮಾರ್ಚ್‌ನಲ್ಲಿ ಅದು ಮುಸಲ್ಮಾನ್ ವಕ್ಫ್ ಊರ್ಜಿತಗೊಳಿಸುವ ಕಾಯ್ದೆಯಾಯಿತು. ಈ ಕಾಯ್ದೆಯು 1913ಕ್ಕಿಂತ ಹಿಂದಿನ ವಕ್ಫ್‌ಗಳಿಗೆ ಅನ್ವಯಿಸುವುದಿಲ್ಲವೆಂದು ನ್ಯಾಯಾಲಯಗಳು ಹೇಳಿದಾಗ 1930ರಲ್ಲಿ ಇನ್ನೊಂದು ಕಾಯ್ದೆ ಬೇಕಾಯಿತು. ಅಂದರೆ ಒಂದು ತೀರ್ಪಿನ ಗಾಯ ಮಾಯಲು 36 ವರ್ಷಗಳು ಹಿಡಿದವು. ಈ 1913ರ ಕಾಯ್ದೆಯ ಹೆಸರು ಮುಂದೆ 1961ರ ಆದಾಯ ತೆರಿಗೆ ಕಾಯ್ದೆಯ 160ನೆಯ ಕಲಮಿನೊಳಗೇ ಸೇರಿಕೊಂಡಿತು: ಆ ಕಾಯ್ದೆಯಂತೆ ಊರ್ಜಿತವಾದ ವಕ್ಫ್ ಪತ್ರದಡಿ ಸೊತ್ತನ್ನು ನೋಡಿಕೊಳ್ಳುವವನು ಫಲಾನುಭವಿಗಳ ಪರವಾಗಿ ತೆರಿಗೆಗೆ ಹೊಣೆಗಾರ. 1970ರ ನಂತರವಂತೂ ಫಲಾನುಭವಿಗಳ ಪಾಲು ಪತ್ರದಲ್ಲಿ ಸ್ಪಷ್ಟವಾಗಿರದ ಖಾಸಗಿ ಟ್ರಸ್ಟ್‌ಗಳ ಆದಾಯದ ಮೇಲೆ ಅತ್ಯಧಿಕ ದರದ ತೆರಿಗೆ ಬಿದ್ದಿತು. ‘ನನ್ನ ಸಂತತಿಗೆ’ ಎಂದಷ್ಟೇ ಬರೆದು ಬಿಡುತ್ತಿದ್ದ ಹಳೆಯ ವಾಡಿಕೆಗೆ ಇದು ತಕ್ಕ ಕಾನೂನಾಗಿರಲಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. ಉಡುಪಿ, ಕಾಪು, ಕಾರ್ಕಳಗಳೆಲ್ಲ 1956ರ ತನಕ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದ ಭಾಗವಾಗಿದ್ದವು. ಸುತ್ತಲೂ ಅಳಿಯಸಂತಾನದ ಪದ್ಧತಿ. ತೆಂಕಣಕ್ಕೆ ಮಾಪಿಳ್ಳೆಗಳಲ್ಲಿಯೂ ಮರುಮಕ್ಕತ್ತಾಯ. ಸ್ವಂತ ದುಡಿಮೆಯ ಸೊತ್ತಾದರೂ ಶರೀಅತ್ತಿನಂತೆ ಮಕ್ಕಳಿಗೆ ಸಲ್ಲಲೆಂದು ಮದ್ರಾಸ್ ಶಾಸನಸಭೆ 1918ರಲ್ಲಿ ಮಾಪಿಳ್ಳೆಗಳಿಗಾಗಿ ಕಾಯ್ದೆ ಮಾಡಿತು. ತರವಾಡಿನ ಸೊತ್ತಿನ ವಿಭಜನೆಗೆ ದಾರಿ ತೆರೆದ ಕಾಯ್ದೆ ಬಂದುದು 1939ರಲ್ಲಿ. ನಡುವೆ 1937ರ ಶರೀಅತ್ ಅನ್ವಯ ಕಾಯ್ದೆ ದೇಶಕ್ಕೆಲ್ಲ ಬಂದಿತಾದರೂ ಅದು ಕೃಷಿಭೂಮಿಯನ್ನು ಹೊರಗಿಟ್ಟಿತ್ತು. ಗದ್ದೆ ತೋಟಗಳೇ ಸೊತ್ತಾಗಿದ್ದ ಊರಿನಲ್ಲಿ ಕೃಷಿಭೂಮಿಯನ್ನು ಬಿಟ್ಟ ವಾರೀಸು ಕಾಯ್ದೆಯಿಂದ ಹೆಣ್ಣುಮಕ್ಕಳಿಗೆ ದೊರೆಯುವುದಾದರೂ ಏನು? ಮದ್ರಾಸ್ ಸರಕಾರವು 1949ರ 18ನೆಯ ಕಾಯ್ದೆಯ ಮೂಲಕ ಈ ಹೊರತುಪಡಿಕೆಯನ್ನು ತೆಗೆದುಹಾಕಿತು. ನಮ್ಮ ಜಿಲ್ಲೆ ಆಗ ಮದ್ರಾಸಿನಲ್ಲಿದ್ದುದರಿಂದ ಆ ತಿದ್ದುಪಡಿ ಇಲ್ಲಿಗೂ ಬಂದಿತು. ಉಡುಪಿಯ ತೆಂಗಿನ ತೋಟದಲ್ಲಿ ಮಗಳಿಗೆ ಪಾಲಿಲ್ಲವೆಂದು ಇಂದಿಗೂ ವಾದಿಸುವವರು 1949ನ್ನು ಓದಿಕೊಳ್ಳುವುದು ಲೇಸು.

ಈ ಊರಿನಲ್ಲಿ ದಾನದ ಮಾತು ಬಂದಾಗ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರನ್ನು ಬಿಟ್ಟು ಮುಂದೆ ಹೋಗಲಾಗದು. 1906ರಲ್ಲಿ ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಸ್ಥಾಪಿಸಿದ ಅವರು, ಪಟ್ಟಣದ ನಡುವಿನ ಜಾಗವನ್ನು ಆಸ್ಪತ್ರೆಗಾಗಿ ಸರಕಾರಕ್ಕೆ ಬಿಟ್ಟುಕೊಟ್ಟರು. ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ ಅಲ್ಲಿಯೇ ಬೆಳೆಯಿತು. ದಾನಪತ್ರದಲ್ಲಿ ಉದ್ದೇಶವನ್ನು ಎಷ್ಟು ಬಿಗಿಯಾಗಿ ಬರೆಯಬೇಕೆಂಬ ಪ್ರಶ್ನೆ, ಆ ಜಾಗವನ್ನು ಖಾಸಗಿ ಸಹಭಾಗಿತ್ವಕ್ಕೆ ಕೊಟ್ಟಾಗ ಎದ್ದ ಚರ್ಚೆಯಲ್ಲಿ ಮತ್ತೆ ಕೇಳಿಬಂದಿತು.

ಸ್ವತಂತ್ರ ಭಾರತವು ಮರಣದ ಮೇಲೆಯೇ ತೆರಿಗೆ ಹಾಕಿತು. 1953ರ ಅಕ್ಟೋಬರ್ 15ರಿಂದ ಜಾರಿಗೆ ಬಂದ ಎಸ್ಟೇಟ್ ಡ್ಯೂಟಿ ಕಾಯ್ದೆಯ 7ನೆಯ ಕಲಮಿನಲ್ಲಿ ಅಳಿಯಸಂತಾನದ ಹೆಸರೂ ಇದೆ. ದಿಲ್ಲಿಯ ತೆರಿಗೆ ಕಾಯ್ದೆಯಲ್ಲಿ ತುಳುನಾಡಿನ ಪದ್ಧತಿಯೊಂದು ಹೀಗೆ ಸ್ಥಾನ ಪಡೆಯಿತು. ಆದರೆ ಅದು ಹಿಂದೂ ಕುಟುಂಬಗಳ ಮಾತು. ಅವಿಭಕ್ತ ಕುಟುಂಬವೆಂಬ ಪ್ರತ್ಯೇಕ ತೆರಿಗೆದಾರನ ಸೌಲಭ್ಯ ಮುಸ್ಲಿಮರಿಗೆ ಎಂದೂ ಇರಲಿಲ್ಲ, ಏಕೆಂದರೆ ಮುಸ್ಲಿಮರ ವಾರೀಸಿನಲ್ಲಿ ಪ್ರತಿಯೊಬ್ಬರ ಪಾಲೂ ಮರಣದ ಕ್ಷಣದಲ್ಲೇ ಬೇರೆ ಬೇರೆಯಾಗುತ್ತದೆ. ಮಾಪಿಳ್ಳೆಗಳ ಅವಿಭಕ್ತ ತರವಾಡನ್ನು ಸಂಪತ್ತಿನ ತೆರಿಗೆಯಲ್ಲಿ ಏನೆಂದು ಕರೆಯಬೇಕೆಂಬ ಜಗಳ ಸುಪ್ರೀಮ್ ಕೋರ್ಟಿನ ತನಕ ಹೋಗಿ, 1981ರಲ್ಲಿ ಅದು ‘ವ್ಯಕ್ತಿ’ ಎಂಬ ಪದದೊಳಗೇ ಬರುತ್ತದೆಂದು ತೀರ್ಮಾನವಾಯಿತು.

ಎಸ್ಟೇಟ್ ಡ್ಯೂಟಿಯು ಹಿಬಾವನ್ನು ಅನುಮಾನದಿಂದಲೇ ನೋಡಿತು. ಮರಣಕ್ಕೆ ಹಿಂದಿನ 2 ವರ್ಷಗಳೊಳಗೆ ಕೊಟ್ಟ ಉಡುಗೊರೆಯನ್ನು ಮೃತನ ಸೊತ್ತಿಗೇ ಸೇರಿಸಿ ಎಣಿಸಲಾಗುತ್ತಿತ್ತು. ಸಾರ್ವಜನಿಕ ದತ್ತಿಗಾದರೆ 6 ತಿಂಗಳು. ಅದರ 10ನೆಯ ಕಲಮು ಇನ್ನೂ ತೀಕ್ಷ್ಣ: ಕೊಟ್ಟವನು ಕೊಟ್ಟ ಸೊತ್ತಿನಿಂದ ಪೂರ್ತಿಯಾಗಿ ಹೊರಬರದಿದ್ದರೆ, ಎಷ್ಟು ಹಳೆಯ ದಾನವಾದರೂ ಅದು ಮರಣದಲ್ಲಿ ಸಾಗಿದ ಸೊತ್ತೆಂದೇ ಗಣನೆ. ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ಶರೀಅತ್ತಿನ ಹಿಬಾಕ್ಕೂ ಘೋಷಣೆ, ಸ್ವೀಕಾರ ಮತ್ತು ಸ್ವಾಧೀನದ ಹಸ್ತಾಂತರ ಬೇಕು. ಕೊಟ್ಟೆನೆಂದು ಬಾಯಲ್ಲಿ ಹೇಳಿ ಬಾಡಿಗೆಯನ್ನು ತಾನೇ ಎಣಿಸಿಕೊಳ್ಳುವವನ ದಾನವನ್ನು ಫಿಕ್ಹ್ ಒಪ್ಪುವುದಿಲ್ಲ. ತೆರಿಗೆ ಅಧಿಕಾರಿ ಮತ್ತು ಫಕೀಹ್ ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಕೇಳಿದ್ದು ಒಂದೇ ಪ್ರಶ್ನೆ: ನಿಜವಾಗಿ ಕೈಬಿಟ್ಟೆಯಾ? ಕೊನೆಗಾಯಿಲೆಯ ದಾನದ ವಿಷಯದಲ್ಲೂ ಹಾಗೆಯೇ. ಮರ್ಳುಲ್ ಮೌತ್‌ನಲ್ಲಿ ಕೊಟ್ಟದ್ದು ವಸಿಯ್ಯತ್ತಿನಂತೆ ಮೂರನೇ ಒಂದರ ಮಿತಿಗೆ ಒಳಪಡುತ್ತದೆ.

ಈ ತೆರಿಗೆಯ ದರ ಒಂದು ಕಾಲಕ್ಕೆ ಶೇಕಡಾ 85ಕ್ಕೆ ಏರಿತ್ತು. ಬೊಕ್ಕಸಕ್ಕೆ ಬರುತ್ತಿದ್ದುದು ಮಾತ್ರ ಅತ್ಯಲ್ಪ. ಹಣಕಾಸು ಸಚಿವ ವಿ.ಪಿ. ಸಿಂಗ್ ಅವರು 1985ರ ಬಜೆಟ್‌ನಲ್ಲಿ ಅದನ್ನು ಕೈಬಿಟ್ಟರು. ಆ ವರ್ಷದ ಮಾರ್ಚ್ 16ರಿಂದೀಚೆಗೆ ಸಂಭವಿಸಿದ ಮರಣಗಳಿಗೆ ಅದು ಇಲ್ಲ. 1958ರ ಉಡುಗೊರೆ ತೆರಿಗೆ 1998ರ ಅಕ್ಟೋಬರ್‌ನಲ್ಲಿ ಹೋಯಿತು. 1957ರ ಸಂಪತ್ತಿನ ತೆರಿಗೆ 2015ರ ಬಜೆಟ್‌ನಲ್ಲಿ. ಹಾಗೆಂದು ತೆರಿಗೆ ಹೋಯಿತೆಂದು ತಿಳಿಯಬೇಕಿಲ್ಲ. 2004ರಿಂದ ಅದು ಪಡೆಯುವವನ ಆದಾಯದ ರೂಪದಲ್ಲಿ ಮರಳಿತು, 2009ರ ಅಕ್ಟೋಬರ್‌ನಿಂದ ಸ್ಥಿರಾಸ್ತಿಗೂ ಚಾಚಿತು. ವಾರೀಸು ಮತ್ತು ವಸಿಯ್ಯತ್ತಿನಿಂದ ಬಂದದ್ದಕ್ಕೆ ವಿನಾಯಿತಿ ಇದೆ; ‘ಸಂಬಂಧಿ’ಯಿಂದ ಬಂದ ಉಡುಗೊರೆಗೂ ಇದೆ. ಆದರೆ ಆ ‘ಸಂಬಂಧಿ’ಯ ವ್ಯಾಖ್ಯೆ ವಿಚಿತ್ರ. ಸೋದರಮಾವ ಅಳಿಯನಿಗೆ ಕೊಟ್ಟರೆ ತೆರಿಗೆಯಿಲ್ಲ, ಏಕೆಂದರೆ ಮಾವ ಅಳಿಯನ ತಾಯಿಯ ಸಹೋದರ. ಗಲ್ಫ್‌ನಲ್ಲಿ ದುಡಿದ ಅಳಿಯ ವೃದ್ಧ ಮಾವನಿಗೆ ಮನೆಯೊಂದನ್ನು ಕೊಟ್ಟರೆ ಮಾವನಿಗೆ ತೆರಿಗೆ ಬರುತ್ತದೆ!

ಗಲ್ಫ್‌ನ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ವಿದೇಶೀ ವಿನಿಮಯದ ನಿಯಮಗಳಂತೆ ಅನಿವಾಸಿ ಭಾರತೀಯನು ಕೃಷಿಭೂಮಿಯನ್ನೂ ತೋಟವನ್ನೂ ವಾರೀಸಿನಿಂದ ಪಡೆಯಬಹುದು, ಆದರೆ ಉಡುಗೊರೆಯಾಗಿ ಪಡೆಯುವಂತಿಲ್ಲ. ತಂದೆಯು ದುಬೈಯಲ್ಲಿರುವ ಮಗನಿಗೆ ತೋಟವನ್ನು ಹಿಬಾ ಮಾಡಿದರೆ ಶರೀಅತ್ತಿನಲ್ಲಿ ಅದು ಸರಿಯಾಗಬಹುದು, ನಿಯಮದಲ್ಲಿ ಸರಿಯಲ್ಲ. 2024ರ ಜುಲೈ 23ರಿಂದ ಮತ್ತೊಂದು ಅಂತರ ಸೇರಿದೆ. ಅದಕ್ಕೆ ಮೊದಲು ಪಡೆದ ಜಾಗ ಅಥವಾ ಕಟ್ಟಡವನ್ನು ಮಾರುವಾಗ ಹಣದುಬ್ಬರದ ಲೆಕ್ಕ ಹಿಡಿದು ಶೇಕಡಾ 20ರಂತೆ ತೆರಿಗೆಯನ್ನು ಎಣಿಸಿ ನೋಡುವ ಅವಕಾಶ ನಿವಾಸಿಗಳಿಗೆ ಉಳಿದಿದೆ; ಅನಿವಾಸಿಗಳಿಗೆ ಆ ಲೆಕ್ಕವಿಲ್ಲದ ಶೇಕಡಾ 12.5 ಮಾತ್ರ. ಒಂದೇ ತಂದೆಯ ಸೊತ್ತನ್ನು ಹಂಚಿಕೊಂಡು ಮಾರಿದ ಉಡುಪಿಯ ಮಗಳಿಗೂ ದಮ್ಮಾಮಿನ ಮಗನಿಗೂ ತೆರಿಗೆ ಬೇರೆ ಬೇರೆ ಬೀಳಬಹುದು.

ತಂದೆ ಬದುಕಿರುವಾಗಲೇ ಮಗ ತೀರಿಕೊಂಡರೆ, ಇತರ ಗಂಡುಮಕ್ಕಳಿರುವಾಗ ಆ ಮೊಮ್ಮಕ್ಕಳಿಗೆ ಅಜ್ಜನ ಸೊತ್ತಿನಲ್ಲಿ ಪಾಲು ಬಾರದು. ಈಜಿಪ್ಟ್ 1946ರಲ್ಲಿ ಇವರಿಗಾಗಿ ಕಡ್ಡಾಯ ವಸಿಯ್ಯತ್ತಿನ ಕಾನೂನು ತಂದಿತು. ಪಾಕಿಸ್ತಾನವು 1961ರಲ್ಲಿ ತಂದೆಯ ಪಾಲನ್ನೇ ಮಕ್ಕಳಿಗೆ ಕೊಡಿಸಿತು, ಅದರ ಬಗ್ಗೆ ಉಲಮಾಗಳ ಆಕ್ಷೇಪ ಇನ್ನೂ ಇದೆ. ಭಾರತದಲ್ಲಿ ಎರಡೂ ಇಲ್ಲ. ಆದರೆ ಅಜ್ಜನ ಮುಂದೆ ಬಾಗಿಲು ಮುಚ್ಚಿಲ್ಲ: ಮೊಮ್ಮಕ್ಕಳು ಆಗ ವಾರೀಸುದಾರರಲ್ಲದ ಕಾರಣ ಮೂರನೇ ಒಂದರೊಳಗೆ ವಸಿಯ್ಯತ್ ಬರೆಯಬಹುದು, ಇಂದೇ ಹಿಬಾ ಮಾಡಬಹುದು. ಎರಡಕ್ಕೂ ಆದಾಯ ತೆರಿಗೆಯಿಲ್ಲ. ನಮ್ಮವರು ತೆರಿಗೆಗೆ ಹೆದರಿ ಸಲಹೆ ಕೇಳಲು ಹೋಗುತ್ತಾರೆ, ಈ ಮಕ್ಕಳಿಗಾಗಿ ಹೋಗುವುದಿಲ್ಲ.

ಬದಲಿಗೆ ನಡೆಯುವುದೇನು? ‘ಬಾಯಿಮಾತಿನ ಹಿಬಾ’ ಎಂಬ ಹೆಸರಿನಲ್ಲಿ ಗಂಡುಮಕ್ಕಳು ಎಲ್ಲವನ್ನೂ ತಮ್ಮದೆಂದು ಹೇಳುವುದು. ಬಾಯಿಮಾತಿನ ಹಿಬಾಕ್ಕೆ ನೋಂದಣಿ ಬೇಡವೆಂಬುದು ನಿಜ. ಆಸ್ತಿ ವರ್ಗಾವಣೆ ಕಾಯ್ದೆಯ 129ನೆಯ ಕಲಮಿನ ಬಲದಿಂದ, ಬರಹದಲ್ಲಿದ್ದರೂ ಅದಕ್ಕೆ ನೋಂದಣಿ ಕಡ್ಡಾಯವಲ್ಲವೆಂದು ಸುಪ್ರೀಮ್ ಕೋರ್ಟ್ 2011ರ ಹಫೀಝಾ ಬೀಬಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ 2025ರಲ್ಲಿ ಅದೇ ನ್ಯಾಯಾಲಯ ಕಲಬುರಗಿ ಜಿಲ್ಲೆಯ ಜಮೀನಿನ ಪ್ರಕರಣದಲ್ಲಿ, ಸ್ವಾಧೀನ ಹೋದುದಕ್ಕೆ ಸಾಕ್ಷ್ಯವಿಲ್ಲದೆ, ಕಂದಾಯ ದಾಖಲೆಯಲ್ಲಿ ಹೆಸರು ಬದಲಾಗದೆ, ವರ್ಷಗಳ ನಂತರ ಎತ್ತುವ ಹಿಬಾದ ವಾದವನ್ನು ಒಪ್ಪಲಿಲ್ಲ.

ಆದಿ ಉಡುಪಿಯಿಂದ ಮಲ್ಪೆಗೆ ಹೋಗುವ ರಸ್ತೆಯ ಅಗಲೀಕರಣಕ್ಕೆ ಜಾಗ ಹೋದಾಗ ಈ ಮಾತಿನ ತೂಕ ತಿಳಿಯುತ್ತದೆ. ಪರಿಹಾರದ ಪ್ರಕಟಣೆಯಲ್ಲಿ ಬರುವುದು ಪಹಣಿಯಲ್ಲಿ ಅಥವಾ ಖಾತೆಯಲ್ಲಿರುವ ಹೆಸರು. ತೀರಿಹೋದ ಅಜ್ಜನ ಹೆಸರೇ ಅಲ್ಲಿದ್ದರೆ, ಎಲ್ಲ ವಾರೀಸುದಾರರ ಹೆಸರು ಸೇರಿ ಒಪ್ಪಿಗೆ ಆಗುವ ತನಕ ಹಣ ಬಿಡುಗಡೆಯಾಗದು. ಆ ಹಣಕ್ಕೆ ತೆರಿಗೆ ಇದೆಯೇ ಎಂಬುದೂ ಸರಳವಲ್ಲ: 2013ರ ಭೂಸ್ವಾಧೀನ ಕಾಯ್ದೆಯ 96ನೆಯ ಕಲಮು ವಿನಾಯಿತಿ ಕೊಟ್ಟಿದೆ, 2016ರಲ್ಲಿ ತೆರಿಗೆ ಮಂಡಳಿ ಅದನ್ನು ಒಪ್ಪಿ ಸುತ್ತೋಲೆ ಹೊರಡಿಸಿದೆ, ಹೆದ್ದಾರಿ ಕಾಯ್ದೆಯಡಿ ನಡೆದ ಸ್ವಾಧೀನಕ್ಕೂ ಅದು ಸಲ್ಲುತ್ತದೆಯೇ ಎಂಬುದು ವಾದದ ವಿಷಯ. ಮದುವೆಯಾಗಿ ಹೋದ ಸಹೋದರಿಯ ಹೆಸರು ವಂಶವೃಕ್ಷದಲ್ಲಿ ಕಾಣಿಸಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಇಂತಹ ಸಂದರ್ಭದಲ್ಲೇ. ಆಕೆಯ ಪಾಲು ತಂದೆ ತೀರಿದ ದಿನದಿಂದಲೇ ಆಕೆಯದಾಗಿತ್ತು.

ವಕ್ಫ್ ಅಲಲ್ ಔಲಾದ್‌ಗೂ ಈ ಪ್ರಶ್ನೆ ಬಂದಿದೆ. 2025ರ ವಕ್ಫ್ ತಿದ್ದುಪಡಿಯ ಹಲವು ಅಂಶಗಳನ್ನು ಸಮುದಾಯ ಬಲವಾಗಿ ವಿರೋಧಿಸಿದೆ, ಕೆಲವಕ್ಕೆ ಸುಪ್ರೀಮ್ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತಡೆಯನ್ನೂ ನೀಡಿದೆ. ಅದೇ ಕಾಯ್ದೆಯಲ್ಲಿ, ಸಂತತಿಗಾಗಿ ಮಾಡುವ ವಕ್ಫ್‌ನಿಂದ ಹೆಣ್ಣುಮಕ್ಕಳೂ ಸೇರಿದಂತೆ ವಾರೀಸುದಾರರ ಹಕ್ಕು ತಪ್ಪಬಾರದೆಂಬ ಹೊಸ ಕಲಮೊಂದಿದೆ. ಉಳಿದ ತಿದ್ದುಪಡಿಗಳ ಬಗ್ಗೆ ಏನೇ ಹೇಳಲಿ, ಹೆಣ್ಣುಮಕ್ಕಳ ಹಕ್ಕಿನ ಆ ಮಾತನ್ನು ಸರಕಾರವು ನಮಗೆ ಹೇಳಬೇಕಾಗಿ ಬಂದುದೇ ಈ ಲೇಖಕನಿಗೆ ನೋವಿನ ಸಂಗತಿ. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2025ರ ಹೊಸ ಕಾಯ್ದೆ. ಮೇಲೆ ಹೇಳಿದ ತೆರಿಗೆಯ ಕಲಮುಗಳ ಸಂಖ್ಯೆಗಳು ಬದಲಾಗುತ್ತವೆ. ಪತ್ರ ಬರೆಸಲು ಹೊರಟವರು ಹೊಸ ಸಂಖ್ಯೆಗಳನ್ನು ತಿಳಿದ ಲೆಕ್ಕಪರಿಶೋಧಕರನ್ನೂ, ಪಾಲುಗಳನ್ನು ತಿಳಿದ ಆಲಿಮರನ್ನೂ ಒಂದೇ ಮೇಜಿನಲ್ಲಿ ಕೂರಿಸಿ ಕೇಳುವುದು ಒಳ್ಳೆಯದು. ಆ ಮೇಜಿನಲ್ಲಿ ಸಹೋದರಿಯರಿಗೂ ಕುರ್ಚಿ ಇರಲಿ.