ಶಾಸನಪಾಠಗಳಲ್ಲಿ ಪಂಕ್ತಿಭೇದವೂ ಅದೃಶ್ಯಚಿಹ್ನೆಗಳೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಸೀಮೆಗಳ ಶಿಲಾಶಾಸನಗಳು ಬಿ. ಎಲ್. ರೈಸ್ ಮಹಾಶಯರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಿಂದ ವಿದ್ವಾಂಸರಿಗೆ ಸುಪರಿಚಿತವಾಗಿವೆ. ಆಗ ರಾಮನಗರಕ್ಕೆ ಕ್ಲೋಸ್‌ಪೇಟೆಯೆಂದೂ ಕನಕಪುರಕ್ಕೆ ಕಾನಕಾನಹಳ್ಳಿಯೆಂದೂ ಹೆಸರಿದ್ದಿತು. ಇಂತಹ ಪಾಠಗಳನ್ನು ಗಣಕಯಂತ್ರದಲ್ಲಿ ಪ್ರತಿಮಾಡುವವರು ಕಣ್ಣಿಗೆ ಬೀಳದ ಒಂದು ವಿಷಯವನ್ನು ವಿಚಾರಿಸಬೇಕಾಗಿದೆ.

ಕಲ್ಲಿನ ಅಂಚು ಬಂದಲ್ಲಿ ಶಾಸನದ ಪಂಕ್ತಿಯು ಮುಗಿಯುತ್ತದೆ. ಪದವು ನಡುವೆಯೇ ತುಂಡಾಗಿ ಕೆಳಕ್ಕೆ ಇಳಿಯುವುದು ಸಾಮಾನ್ಯ. ಓಲೆಗರಿಯಲ್ಲಿಯೂ ಪದ್ಯದ ಪಾದಗಳು ಒಂದೇ ಸಾಲಿನಲ್ಲಿ ಹರಿಯುತ್ತವೆ; ದಾರದ ರಂಧ್ರವಿರುವೆಡೆ ಮಾತ್ರ ಬರಹಕ್ಕೆ ತೆರಪು. ಪಾದಕ್ಕೊಂದು ಸಾಲೆಂಬುದು ನಮಗೆ ಅಚ್ಚಿನಿಂದ ರೂಢಿಯಾದ ಪದ್ಧತಿ. ಆದರೂ ಶಾಸನದ ಪಂಕ್ತಿಭೇದವು ಉಪೇಕ್ಷಣೀಯವಲ್ಲ. ಕಲ್ಲು ಸವೆದಾಗ ಲುಪ್ತಾಕ್ಷರಗಳ ಸಂಖ್ಯೆಯನ್ನು ಮೇಲಣ ಕೆಳಗಣ ಪಂಕ್ತಿಗಳ ಅಳತೆಯಿಂದ ಊಹಿಸಬೇಕಾಗುತ್ತದೆ. ಆ ಅಕ್ಷರಗಳು ದಾತೃವಿನ ನಾಮವೋ ಗದ್ದೆಯ ಎಲ್ಲೆಯೋ ಶಕವರ್ಷವೋ ಆಗಿರಬಹುದು.

ಗಣಕದ ಪುಟದಲ್ಲಿ ಸಾಲು ಮೂರು ವಿಧದಿಂದ ಮುರಿಯುತ್ತದೆ. ಪುಟದ ಅಗಲ ಸಾಲದೆ ಯಂತ್ರವು ತಾನೇ ಮುರಿಯುವುದೊಂದು. ಕಾಗದದ ಅಳತೆ ಬದಲಾದರೆ ಇದೂ ಬದಲಾಗುತ್ತದೆ. ‘ಎಂಟರ್’ ಕೀಲಿಯು ವಾಕ್ಯವೃಂದವನ್ನೇ ಮುಗಿಸುತ್ತದೆ. ‘ಶಿಫ್ಟ್’ ಸಹಿತವಾಗಿ ಒತ್ತಿದರೆ ವಾಕ್ಯವೃಂದವು ಮುಂದುವರಿದು ಸಾಲು ಮಾತ್ರ ಮುರಿಯುತ್ತದೆ. ನೋಟಕ್ಕೆ ಮೂರೂ ಒಂದೇ. ‘ವರ್ಡ್’ ತಂತ್ರಾಂಶದಲ್ಲಿ ಕಂಟ್ರೋಲ್, ಶಿಫ್ಟ್, 8 ಈ ಕೀಲಿಗಳನ್ನು ಕೂಡಿಸಿ ಒತ್ತಿದರೆ ಭೇದವು ಗೋಚರಿಸುತ್ತದೆ: ಯಂತ್ರವು ಮುರಿದಲ್ಲಿ ವಿಶೇಷ ಗುರುತಿಲ್ಲ, ಶಿಫ್ಟಿನ ಮುರಿತಕ್ಕೆ ಬಾಗಿದ ಬಾಣ, ವಾಕ್ಯವೃಂದದ ಕೊನೆಗೆ ಐರೋಪ್ಯ ಹಸ್ತಪ್ರತಿಗಳ ಪ್ರಾಚೀನ ಪ್ರಕರಣಚಿಹ್ನೆ. ಅಲ್ಲಿ ಪ್ರಕರಣದ ಆರಂಭವನ್ನು ಸೂಚಿಸುತ್ತಿದ್ದುದು ಇಲ್ಲಿ ಅಂತ್ಯಕ್ಕೆ ನಿಂತಿರುವುದು ವಿನೋದವೇ ಸರಿ.

ಶಾಸನದ ಪಂಕ್ತಿಗೆ ಬಾಗಿದ ಬಾಣವೇ ಉಚಿತವೆಂದು ನಮ್ಮ ಅಭಿಪ್ರಾಯ. ಆದರೆ ಎರಡು ಅಂಚುಗಳನ್ನೂ ಸಮಮಾಡುವ ಜೋಡಣೆಯಲ್ಲಿ ಇಂತಹ ಸಾಲಿನ ಪದಗಳು ಹಲವೊಮ್ಮೆ ಹಿಗ್ಗಿ ದೂರವಾಗುತ್ತವೆ. ಆ ತೆರಪನ್ನು ಓದುಗನು ಲುಪ್ತಾಕ್ಷರವೆಂದು ಭ್ರಮಿಸಲು ಅವಕಾಶವುಂಟು. ಎಡ ಅಂಚನ್ನು ಮಾತ್ರ ಸಮಮಾಡುವುದು ಕ್ಷೇಮ. ಕಡತವು ಕೈಯಿಂದ ಕೈಗೆ ಹೋಗುವಾಗ ಬಾಣಗಳು ಅಳಿದುಹೋಗಬಹುದಾದ್ದರಿಂದ ಪಂಕ್ತಿಸಂಖ್ಯೆಯನ್ನು ಅಂಕಿಗಳಲ್ಲಿಯೂ ಬರೆಯತಕ್ಕದ್ದು.

ಕನ್ನಡಕ್ಕೆ ವಿಶಿಷ್ಟವಾದ ತೊಡಕು ಇನ್ನೊಂದಿದೆ. ಯೂನಿಕೋಡ್ ಸಂಕೇತದಲ್ಲಿ ‘ರ್ಯ’ ಎಂದು ಅರ್ಕಾವತ್ತಿನಿಂದ ಬರೆಯುವುದಕ್ಕೂ ‘ರ‍್ಯ’ ಎಂದು ಒತ್ತಕ್ಷರದಿಂದ ಬರೆಯುವುದಕ್ಕೂ ಇರುವ ಅಂತರವು ಅಗಲವೇ ಇಲ್ಲದ ಒಂದು ಜೋಡಕ ಚಿಹ್ನೆಯಲ್ಲಿ ಅಡಗಿದೆ. ಲಿಪಿಯ ರೂಪದಿಂದ ಕಾಲನಿರ್ಣಯ ಮಾಡುವವರಿಗೆ ಇದು ಅಲ್ಪವಿಷಯವಲ್ಲ. ಕಡತವನ್ನು ಶುದ್ಧಮಾಡುವ ತಂತ್ರಾಂಶಗಳಲ್ಲಿ ಕೆಲವು ಇದನ್ನು ಕಸವೆಂದೇ ಗುಡಿಸಿಬಿಡುತ್ತವೆ.